ಮುಂದಿನ ಬ್ರೇಕ್ ಹಿಡಿಯುತ್ತಿಲ್ಲ, ದೊಡ್ಡ ಡಿಸ್ಕ್ ಹಾಕಲೇ?

ಪ್ರಶ್ನೆ: ನನ್ನದು 2014ರ ಪಲ್ಸರ್ 150. ಮುಂದೆ 240 ಎಂಎಂ ಡಿಸ್ಕ್, ಹಿಂದೆ ಡ್ರಮ್, ಎಬಿಎಸ್ (ಬ್ರೇಕ್ ಹಿಡಿದಾಗ ಚಕ್ರ ಜಾಮ್ ಆಗಿ ಜಾರದಂತೆ ತಡೆಯುವ ವ್ಯವಸ್ಥೆ) ಇಲ್ಲ. ಮನೆ ಧಾರವಾಡದ ಸಪ್ತಾಪುರದಲ್ಲಿ, ಕೆಲಸ ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಿ. ದಿನಾ ಗಾಡಿಯಲ್ಲೇ ಓಡಾಟ. ಮುಂದಿನ ಬ್ರೇಕ್ ಲಿವರ್ ಮೆತ್ತಗಾಗಿದೆ. ಪೂರ್ತಿ ಎಳೆದರೂ ಹಿಡಿತ ಸಾಲದು. ಆನ್‌ಲೈನ್‌ನಲ್ಲಿ 280 ಎಂಎಂ ಡಿಸ್ಕ್, ದೊಡ್ಡ ಬೈಕಿನ ಕ್ಯಾಲಿಪರ್ (ಪ್ಯಾಡ್‌ಗಳನ್ನು ಡಿಸ್ಕ್‌ಗೆ ಒತ್ತುವ ಭಾಗ) ತರಿಸಿದ್ದೇನೆ. ಬ್ರೇಕ್ ಆಯಿಲ್ ಹರಿಯುವ ಸ್ಟೀಲ್ ಹೋಸ್ ಮತ್ತು ದೊಡ್ಡ ಮಾಸ್ಟರ್ ಸಿಲಿಂಡರ್ (ಲಿವರ್ ಎಳೆದಾಗ ಆಯಿಲ್ ತಳ್ಳುವ ಭಾಗ) ಕೂಡ ನೋಡಿಟ್ಟಿದ್ದೇನೆ. ಮನೆಯಲ್ಲೇ ಹಾಕಿಕೊಳ್ಳಬಹುದೇ? ಹೋದ ತಿಂಗಳು ಗೋಕರ್ಣಕ್ಕೆ ಹೋಗುವಾಗ ಅರಬೈಲ್ ಘಟ್ಟ ಇಳಿಯುತ್ತ ಬ್ರೇಕ್ ಪೂರ್ತಿ ಹೋದಂತಾಗಿತ್ತು. ಕೆಳಗೆ ನಿಂತು ಚಹಾ ಕುಡಿದು ಹೊರಟ ಮೇಲೆ ತಾನೇ ಸರಿಯಾಯಿತು.

ಉತ್ತರ: ಮನೆಯಲ್ಲೇ ಮಾಡಿಕೊಳ್ಳಬಹುದು. ಆದರೆ ನೀವು ತರಿಸಿಟ್ಟ ಸಾಮಾನು ಸದ್ಯಕ್ಕೆ ಪೆಟ್ಟಿಗೆಯಲ್ಲೇ ಇರಲಿ. ಪತ್ರದ ಕೊನೆಗೆ ಸುಮ್ನೆ ಹೇಳಿಬಿಟ್ಟ ಘಟ್ಟದ ಮಾತಿನಲ್ಲೇ ರೋಗ ಯಾವುದು ಅಂತ ಗೊತ್ತಾಯಿತು.

ಬ್ರೇಕ್ ಆಯಿಲ್ ಅಂತ ನಾವು ಕರೆಯುವುದು ಎಣ್ಣೆಯೇ ಅಲ್ಲ. ಅದು ಗ್ಲೈಕಾಲ್ ಜಾತಿಯ ದ್ರವ, ಗಾಳಿಯಲ್ಲಿರುವ ತೇವವನ್ನು ಹೀರಿಕೊಳ್ಳುವುದು ಅದರ ಸ್ವಭಾವ. ಮುಚ್ಚಳ ಎಷ್ಟೇ ಬಿಗಿ ಇದ್ದರೂ ರಬ್ಬರ್ ಹೋಸ್‌ನ ಗೋಡೆಯ ಮೂಲಕ ವರ್ಷಗಟ್ಟಲೆ ಸ್ವಲ್ಪ ಸ್ವಲ್ಪ ತೇವ ಒಳಗೆ ಸೇರುತ್ತದೆ. ಡಾಟ್ 4 ದರ್ಜೆಯ ಹೊಸ ಆಯಿಲ್ ಕುದಿಯಬೇಕಾದರೆ ಕನಿಷ್ಠ 230 ಡಿಗ್ರಿ ಬೇಕು. ಅದರಲ್ಲಿ ಶೇಕಡಾ ಮೂರೂಮುಕ್ಕಾಲರಷ್ಟು ನೀರು ಸೇರಿದರೆ ಈ ಮಿತಿ 155ಕ್ಕೆ ಇಳಿಯುತ್ತದೆ. ಹುಬ್ಬಳ್ಳಿ-ಧಾರವಾಡದ ಓಡಾಟದಲ್ಲಿ ಇದು ಗೊತ್ತೇ ಆಗುವುದಿಲ್ಲ, ಏಕೆಂದರೆ ಒಂದು ಬ್ರೇಕಿಗೂ ಇನ್ನೊಂದಕ್ಕೂ ನಡುವೆ ಡಿಸ್ಕ್ ತಣ್ಣಗಾಗಲು ಸಮಯ ಸಿಗುತ್ತದೆ. ಯಲ್ಲಾಪುರ ದಾಟಿ ಅರಬೈಲ್ ಇಳಿಯುವಾಗ ಹಾಗಲ್ಲ. ತಿರುವಿನ ಮೇಲೆ ತಿರುವು, ಹಿಂದೆ ಲಾರಿ, ಕೈ ಲಿವರ್ ಬಿಡುವುದೇ ಇಲ್ಲ. ಕ್ಯಾಲಿಪರ್ ಒಳಗಿನ ಹಳೆಯ ಆಯಿಲ್ ಕುದಿದು ಗುಳ್ಳೆ ಏಳುತ್ತದೆ. ದ್ರವವನ್ನು ಒತ್ತಿ ಕುಗ್ಗಿಸಲು ಆಗುವುದಿಲ್ಲ, ಗುಳ್ಳೆ ಮಾತ್ರ ಕುಗ್ಗುತ್ತದೆ. ನೀವು ಲಿವರ್ ಎಳೆದಾಗ ಆ ಬಲವೆಲ್ಲ ಗುಳ್ಳೆ ಹಿಸುಕುವುದಕ್ಕೇ ಹೋಯಿತು, ಪ್ಯಾಡ್‌ಗೆ ಏನೂ ಉಳಿಯಲಿಲ್ಲ. ನೀವು ಚಹಾ ಕುಡಿಯುವಷ್ಟರಲ್ಲಿ ಆವಿ ತಣಿದು ಮತ್ತೆ ದ್ರವವಾಯಿತು, ಬ್ರೇಕ್ ಬಂತು. ಮುಂದಿನ ಸಲ ಬೇಗ ಗೇರ್ ಇಳಿಸಿ, ಎಂಜಿನ್ ಹಿಡಿತದಲ್ಲೇ ಘಟ್ಟ ಇಳಿಯಿರಿ. ಅದಕ್ಕೆ ದುಡ್ಡು ಬೇಡ.

ಈಗ ಹ್ಯಾಂಡಲ್ ಮೇಲಿನ ಆಯಿಲ್ ಡಬ್ಬಿಯ ಪುಟ್ಟ ಕಿಟಕಿ ನೋಡಿ. ಹೊಸ ಆಯಿಲ್ ತಿಳಿ ಜೇನಿನ ಬಣ್ಣದ್ದು. ನಿಮ್ಮದು ಬಹುಶಃ ಕಷಾಯದಂತೆ ಆಗಿರುತ್ತದೆ. ಎರಡು ವರ್ಷಕ್ಕೊಮ್ಮೆ ಬದಲಿಸಬೇಕಾದ ಆಯಿಲ್ ಅದು. ನಮ್ಮ ಕಡೆ ಎಂಜಿನ್ ಆಯಿಲ್ ಬದಲಿಸಲು ಯಾರೂ ಮರೆಯುವುದಿಲ್ಲ, ಬ್ರೇಕ್ ಆಯಿಲ್ ಬದಲಿಸಿ ಅಂತ ಯಾರೂ ಹೇಳುವುದಿಲ್ಲ. ಸರ್ವಿಸ್ ಮಾಡಿಸಿದ್ದೇನೆ ಅಂತ ಗಾಡಿ ತಂದವರದ್ದೇ ಡಬ್ಬಿ ತೆರೆದು, ಕಾರ್ಖಾನೆಯಲ್ಲಿ ತುಂಬಿದ ಆಯಿಲ್ ಹತ್ತು ವರ್ಷವಾದರೂ ಹಾಗೇ ಇದ್ದದ್ದನ್ನು ನೋಡಿದ್ದೇನೆ.

ಆಯಿಲ್ ನಂತರ ಕ್ಯಾಲಿಪರ್ ಸರದಿ. ನಿಮ್ಮ ಗಾಡಿಯ ಕ್ಯಾಲಿಪರ್ ಜಾರುವ ಜಾತಿಯದ್ದು. ಪಿಸ್ಟನ್ ಇರುವುದು ಒಂದೇ ಮಗ್ಗುಲಲ್ಲಿ. ಅದು ಆ ಕಡೆಯ ಪ್ಯಾಡನ್ನು ಡಿಸ್ಕ್‌ಗೆ ಒತ್ತುತ್ತದೆ. ಆಗ ಇಡೀ ಕ್ಯಾಲಿಪರ್ ಎರಡು ಪಿನ್‌ಗಳ ಮೇಲೆ ಹಿಂದಕ್ಕೆ ಜಾರಿ, ಆಚೆ ಕಡೆಯ ಪ್ಯಾಡನ್ನೂ ಎಳೆದು ಒತ್ತುತ್ತದೆ. ಪಿನ್ ಜಾರದಿದ್ದರೆ ಒಂದೇ ಪ್ಯಾಡ್ ದುಡಿಯುತ್ತದೆ, ಇನ್ನೊಂದು ಸುಮ್ನೆ ಕೂತಿರುತ್ತದೆ.

ನಮ್ಮ ಸೀಮೆಯಲ್ಲಿ ಈ ಪಿನ್ ಹಿಡಿದುಕೊಳ್ಳುವುದು ಜಾಸ್ತಿ. ಕಾರಣ ಎರೆ ಮಣ್ಣು. ಮಳೆಗಾಲದಲ್ಲಿ ನವಲಗುಂದ, ಅಣ್ಣಿಗೇರಿ, ಗದಗ ಕಡೆ ಹೊಲದ ದಾರಿಯಲ್ಲಿ ಓಡಾಡುವ ಗಾಡಿಯ ಕ್ಯಾಲಿಪರ್ ಬಿಚ್ಚಿ ನೋಡಿ. ಒಣಗಿದ ಎರೆ ಮಣ್ಣು ಸಿಮೆಂಟಿನಂತೆ ಕೂತಿರುತ್ತದೆ. ಪಿನ್ ಮುಚ್ಚುವ ರಬ್ಬರ್ ಬೂಟು ಹರಿದಿದ್ದರೆ ಅದು ನೇರವಾಗಿ ಪಿನ್ ಮೇಲೆಯೇ. ಅಣ್ಣಿಗೇರಿ ಕಡೆಯಿಂದ ಬಂದ ಒಂದು ಗಾಡಿಯ ಪಿನ್ ಎಳೆದಾಗ ಅರ್ಧ ಬಂದು ನಿಂತುಬಿಟ್ಟಿತು. ಇಕ್ಕಳದಲ್ಲಿ ತಿರುಗಿಸಿ ತಿರುಗಿಸಿ ತೆಗೆದರೆ ಕೆಂಪು ತುಕ್ಕಿನ ಪುಡಿ ಅಂಗೈ ತುಂಬ. ಪಿಸ್ಟನ್ ಕಡೆಯ ಪ್ಯಾಡ್ ಸವೆದು ಕಬ್ಬಿಣದ ತಗಡು ಡಿಸ್ಕ್‌ಗೆ ಉಜ್ಜುತ್ತಿತ್ತು, ಆಚೆ ಕಡೆಯದ್ದು ಹೊಸದರಂತೆ ನಾಲ್ಕು ಎಂಎಂ ದಪ್ಪ ಇತ್ತು. ಆ ಗಾಡಿಯವರೂ ದೊಡ್ಡ ಡಿಸ್ಕ್ ಹಾಕಿಸಬೇಕು ಅಂತಲೇ ಬಂದಿದ್ದರು. ಪಿನ್ ತೊಳೆದು, ಬೂಟು ಬದಲಿಸಿ, ಹೊಸ ಪ್ಯಾಡ್ ಹಾಕಿ ಕಳಿಸಿದೆ. ಆಮೇಲೆ ಅವರು ಡಿಸ್ಕಿನ ಮಾತೇ ಎತ್ತಲಿಲ್ಲ.

ಪಿನ್‌ಗೆ ಹಚ್ಚಬೇಕಾದ್ದು ಸಿಲಿಕೋನ್ ಗ್ರೀಸ್. ಚಕ್ರದ ಬೇರಿಂಗ್‌ಗೆ ಹಾಕುವ ಗ್ರೀಸ್ ಇಲ್ಲಿ ಬೇಡ, ಪೆಟ್ರೋಲಿಯಂ ಗ್ರೀಸ್ ತಾಗಿದರೆ ಬ್ರೇಕಿನ ರಬ್ಬರ್ ಊದಿಕೊಳ್ಳುತ್ತದೆ. ಪೆಟ್ರೋಲ್, ಡೀಸೆಲ್, ಸೀಮೆಎಣ್ಣೆಯಲ್ಲಿ ತೊಳೆಯುವುದೂ ಬೇಡ. ಬ್ರೇಕ್ ಕ್ಲೀನರ್ ಇಲ್ಲವೆಂದರೆ ಐಸೋಪ್ರೊಪೈಲ್ ಆಲ್ಕೋಹಾಲ್ ಸಾಕು. ವಾಟರ್ ಸರ್ವಿಸ್‌ಗೆ ಬಿಟ್ಟಾಗ ಕೊನೆಗೆ ಮಿಂಚಲಿ ಅಂತ ಡೀಸೆಲ್ ಹೊಡೆಯುತ್ತಾರಲ್ಲ, ಚಕ್ರದ ಕಡೆ ಹೊಡೆಯಬೇಡಿ ಅಂತ ಮೊದಲೇ ಹೇಳಿ. ಡೀಸೆಲ್ ಕುಡಿದ ಪ್ಯಾಡನ್ನು ಎಸೆಯುವುದೇ ಸರಿ. ಸ್ಯಾಂಡ್ ಪೇಪರ್ ಹಾಕಿ ಉಜ್ಜಿದರೆ ಒಂದು ದಿನ ಹಿಡಿಯುತ್ತದೆ, ಬಿಸಿಯಾದ ಮೇಲೆ ಒಳಗಿನ ಎಣ್ಣೆ ಮತ್ತೆ ಮೇಲೆ ಬರುತ್ತದೆ.

ಪ್ಯಾಡ್ ಆಯ್ಕೆಯಲ್ಲಿ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಕಂಪನಿಯ ಪ್ಯಾಡ್ ಸಾಕು. ಸಿಂಟರ್ಡ್ ಅಂತ ಸಿಗುವುದು ಲೋಹದ ಪುಡಿಯನ್ನು ಕಾಯಿಸಿ ಒತ್ತಿ ಮಾಡಿದ್ದು. ಮಳೆಯಲ್ಲೂ ಬಿಸಿಯಲ್ಲೂ ಚೆನ್ನಾಗಿ ಹಿಡಿಯುತ್ತದೆ, ಆದರೆ ಅದಕ್ಕೆ ತಕ್ಕ ಡಿಸ್ಕ್ ಇಲ್ಲದಿದ್ದರೆ ಡಿಸ್ಕನ್ನು ಬೇಗ ತಿನ್ನುತ್ತದೆ. ಡಿಸ್ಕ್ ಮೇಲೆಯೇ ಕನಿಷ್ಠ ದಪ್ಪ ಎಷ್ಟಿರಬೇಕು ಅಂತ ಕೊರೆದಿರುತ್ತಾರೆ. ಮೈಕ್ರೋಮೀಟರ್ ಇದ್ದವರ ಹತ್ತಿರ ಒಮ್ಮೆ ಅಳೆಸಿ. ಅಂಚಿನ ಹತ್ತಿರ ಉಗುರು ಓಡಿಸಿದಾಗ ಮೆಟ್ಟಿಲಿನಂತೆ ತಡೆದರೆ ಅಳೆಸಲೇಬೇಕು.

ನೀವು ಪಟ್ಟಿ ಮಾಡಿದ್ದರಲ್ಲಿ ನಾನು ಕಣ್ಣು ಮುಚ್ಚಿ ಒಪ್ಪುವುದು ಸ್ಟೀಲ್ ಹೋಸ್ ಒಂದನ್ನೇ. ಹನ್ನೊಂದು ವರ್ಷದ ರಬ್ಬರ್ ಹೋಸ್ ಹೇಗಿದ್ದರೂ ಬದಲಿಸಬೇಕು. ಬ್ರೇಕ್ ಒತ್ತಿದಾಗ ಹಳೆಯ ರಬ್ಬರ್ ಹಿಗ್ಗುತ್ತದೆ. ಆ ಹಿಗ್ಗಿದಷ್ಟು ಲಿವರ್ ಓಟ ದಂಡ. ಸ್ಟೀಲ್ ಹೋಸ್ ಒಳಗೆ ಟೆಫ್ಲಾನ್ ಕೊಳವೆ, ಹೊರಗೆ ಸ್ಟೀಲ್ ತಂತಿಯ ಹೆಣಿಗೆ, ಹಿಗ್ಗುವುದು ತೀರ ಕಡಿಮೆ. ಬ್ರೇಕಿನ ಬಲ ಇದರಿಂದ ಜಾಸ್ತಿ ಆಗುತ್ತದೆ ಅಂದುಕೊಳ್ಳಬೇಡಿ. ಎಷ್ಟು ಒತ್ತಿದರೆ ಎಷ್ಟು ಹಿಡಿಯುತ್ತದೆ ಅಂತ ಬೆರಳಿಗೆ ಸ್ಪಷ್ಟವಾಗಿ ಗೊತ್ತಾಗುತ್ತದೆ, ಅಷ್ಟೇ. ಆ ಅಷ್ಟೇ ದೊಡ್ಡದು.

ಕೊಳ್ಳುವಾಗ ಮೇಲೆ ಪ್ಲಾಸ್ಟಿಕ್ ಹೊದಿಕೆ ಇರುವುದನ್ನೇ ಕೊಳ್ಳಿ. ಬರಿ ಸ್ಟೀಲ್ ಹೆಣಿಗೆ ಗರಗಸ ಇದ್ದ ಹಾಗೆ, ಮಡ್‌ಗಾರ್ಡ್ ಬಣ್ಣವನ್ನು ತಿಂಗಳಲ್ಲಿ ತಿಂದುಹಾಕುತ್ತದೆ. ಹಳೆಯ ಹೋಸ್ ಪಕ್ಕ ಇಟ್ಟು ಉದ್ದ ನೋಡಿ, ತುದಿಯ ಬಾಗು ನೋಡಿ. ಹಾಕಿದ ಮೇಲೆ ಗಾಡಿಯನ್ನು ಮಧ್ಯದ ಸ್ಟ್ಯಾಂಡ್ ಮೇಲೆ ನಿಲ್ಲಿಸಿ, ಮುಂದಿನ ಚಕ್ರ ನೆಲ ಬಿಡುವಂತೆ ಎತ್ತಿ, ಹ್ಯಾಂಡಲನ್ನು ಎರಡೂ ಕಡೆ ಪೂರ್ತಿ ತಿರುಗಿಸಿ. ಎಲ್ಲಿಯೂ ಹೋಸ್ ಬಿಗಿಯಬಾರದು, ಮಡಚಬಾರದು.

ಇನ್ನು ಮಾಸ್ಟರ್ ಸಿಲಿಂಡರ್. ಇಲ್ಲಿ ತಪ್ಪು ಮಾಡುವವರೇ ಜಾಸ್ತಿ, ಮಾಡಿದ್ದು ಗೊತ್ತೂ ಆಗುವುದಿಲ್ಲ. ದೊಡ್ಡದು ಹಾಕಿದರೆ ಬ್ರೇಕ್ ಜೋರಾಗುತ್ತದೆ ಅಂತ ಎಲ್ಲರ ಲೆಕ್ಕ. ನಿಜ ತಿರುಗಾಮುರುಗಾ. ಮಗುವಿಗೆ ಔಷಧ ಹಾಕುವ ಸಣ್ಣ ಸಿರಿಂಜ್ ಮತ್ತು ದನದ ಡಾಕ್ಟರು ಬಳಸುವ ದಪ್ಪ ಸಿರಿಂಜ್ ನೆನಪಿಸಿಕೊಳ್ಳಿ. ಒಂದೇ ಬಲದಲ್ಲಿ ಒತ್ತಿದರೆ ಸಣ್ಣದರಲ್ಲಿ ಒತ್ತಡ ಜಾಸ್ತಿ, ದಪ್ಪದರಲ್ಲಿ ಕಡಿಮೆ. ಲೆಕ್ಕ ಹಾಕೋಣ. ಒಂದು ಗಾಡಿಯ ಮಾಸ್ಟರ್ ಸಿಲಿಂಡರ್ ಒಳಗಿನ ಪಿಸ್ಟನ್ ಅಡ್ಡಳತೆ 12.7 ಎಂಎಂ ಅಂದುಕೊಳ್ಳಿ. ಅದರ ಮುಖದ ವಿಸ್ತೀರ್ಣ ಸುಮಾರು 127 ಚದರ ಎಂಎಂ. ಅದನ್ನು ತೆಗೆದು 14 ಎಂಎಂನದ್ದು ಹಾಕಿದಿರಿ, ವಿಸ್ತೀರ್ಣ 154 ಆಯಿತು. ನಿಮ್ಮ ಬೆರಳಿನ ಬಲ ಅಷ್ಟೇ ಇದೆ. ಹೋಸ್‌ನಲ್ಲಿ ಹುಟ್ಟುವ ಒತ್ತಡ ಮಾತ್ರ ಶೇಕಡಾ 18ರಷ್ಟು ಇಳಿಯಿತು.

ತಮಾಷೆ ಏನೆಂದರೆ, ಲಿವರ್ ಆಗ ಕಲ್ಲಿನಂತೆ ಗಟ್ಟಿಯಾಗುತ್ತದೆ. ಸ್ವಲ್ಪ ಎಳೆದರೇ ತಡೆಯುತ್ತದೆ, ಏಕೆಂದರೆ ದಪ್ಪ ಪಿಸ್ಟನ್ ಅಷ್ಟರಲ್ಲೇ ಬೇಕಾದಷ್ಟು ಆಯಿಲ್ ತಳ್ಳಿರುತ್ತದೆ. ಗಾಡಿಯವರು ಖುಷಿ. ಏನ್ ಬ್ರೇಕ್ ಅಂತೀರಿ, ಮುಟ್ಟಿದರೆ ಸಾಕು ಅಂತ ಗೆಳೆಯರ ಮುಂದೆ ಲಿವರ್ ಒತ್ತಿ ತೋರಿಸುತ್ತಾರೆ. ಉಣಕಲ್ ಹತ್ತಿರ ಚಿಗರಿ ಬಸ್ ನಿಲ್ದಾಣಕ್ಕೆ ಹೋಗುವವರು ದಿಢೀರ್ ರಸ್ತೆಗೆ ಇಳಿದಾಗ ಮೊದಲಿಗಿಂತ ಜೋರಾಗಿ ಹಿಸುಕಬೇಕಾಗುತ್ತದೆ ಅನ್ನುವುದು ಆಮೇಲೆ ತಿಳಿಯುತ್ತದೆ. ಗಟ್ಟಿ ಲಿವರ್ ಬೇರೆ, ಗಟ್ಟಿ ಬ್ರೇಕ್ ಬೇರೆ.

ಕ್ಯಾಲಿಪರ್ ಬದಲಿಸಿದರೆ ಇದೇ ಲೆಕ್ಕ ತಲೆಕೆಳಗಾಗಿ ಬರುತ್ತದೆ. ದೊಡ್ಡ ಬೈಕಿನ ಕ್ಯಾಲಿಪರ್ ಪಿಸ್ಟನ್ ದೊಡ್ಡದು. ನಿಮ್ಮ ಈಗಿನ ಮಾಸ್ಟರ್ ಸಿಲಿಂಡರ್‌ಗೆ ಜೋಡಿಸಿದರೆ ಬಲ ಹೆಚ್ಚುತ್ತದೆ ನಿಜ, ಆದರೆ ಅದನ್ನು ತುಂಬಿಸಲು ಜಾಸ್ತಿ ಆಯಿಲ್ ಬೇಕು, ಲಿವರ್ ಹಿಡಿಕೆಯವರೆಗೂ ಬರಬಹುದು. ಅಂದರೆ ಈಗ ಇರುವ ದೂರೇ ಇನ್ನಷ್ಟು ಆಗುತ್ತದೆ. ಅದಕ್ಕೇ ಇವೆರಡನ್ನೂ ಒಂದೇ ಬೈಕಿನಿಂದ ಜೋಡಿಯಾಗಿ ತೆಗೆದುಕೊಳ್ಳಬೇಕು. ಒಂದು ಇಲ್ಲಿಂದ, ಇನ್ನೊಂದು ಅಲ್ಲಿಂದ ತಂದರೆ ಹೊಂದುವುದಿಲ್ಲ.

280 ಎಂಎಂ ಡಿಸ್ಕ್ ವಿಷಯ. ಚಕ್ರದ ನಡುವಿನಿಂದ ದೂರ ಹಿಡಿದಷ್ಟೂ ನಿಲ್ಲಿಸುವುದು ಸುಲಭ, ಬೀಸುವ ಕಲ್ಲಿನ ಗೂಟ ಅಂಚಿನಲ್ಲಿ ಇರುವುದು ಅದಕ್ಕೇ ಅಲ್ವಾ. 240ರಿಂದ 280ಕ್ಕೆ ಹೋದರೆ ಅದೇ ಒತ್ತಡಕ್ಕೆ ಶೇಕಡಾ 17ರಿಂದ 19ರಷ್ಟು ಹೆಚ್ಚು ಹಿಡಿತ ಸಿಗುತ್ತದೆ. ಲೆಕ್ಕ ಒಳ್ಳೆಯದೇ. ಆದರೆ ಡಿಸ್ಕ್ ಅಂಚು 20 ಎಂಎಂ ಹೊರಗೆ ಬಂದಿತು, ಕ್ಯಾಲಿಪರ್ ಕೂಡ ಅಷ್ಟು ಹೊರಗೆ ಬರಬೇಕು. ಅದಕ್ಕೆ ನಡುವೆ ಒಂದು ಬ್ರ್ಯಾಕೆಟ್ ಬೇಕು. ತಾರಿಹಾಳದಲ್ಲೋ ಗೋಕುಲ ರಸ್ತೆಯ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲೋ ಲೇಥ್‌ನವರಿಗೆ ಹೇಳಿ ಮಾಡಿಸಿದರಾಯಿತು ಅಂತ ಯಾರಾದರೂ ಸಲಹೆ ಕೊಡುತ್ತಾರೆ. ನಮ್ಮ ಲೇಥ್‌ನವರ ಕೈಚಳಕದ ಮೇಲೆ ನನಗೆ ಸಂಶಯ ಇಲ್ಲ. ಆದರೆ ಬ್ರೇಕ್ ಹಾಕಿದಾಗ ಗಾಡಿ ನಿಲ್ಲಿಸುವ ಇಡೀ ಬಲ ಆ ತುಂಡಿನ ಎರಡು ಬೋಲ್ಟ್ ಮೇಲೆ ಬೀಳುತ್ತದೆ. ಎಷ್ಟು ದಪ್ಪ, ಯಾವ ಲೋಹ, ಎಲ್ಲಿ ಬಿರುಕು ಬಿಡುತ್ತದೆ ಅಂತ ಯಾರೂ ಪರೀಕ್ಷೆ ಮಾಡಿರುವುದಿಲ್ಲ. ಅದು ಮುರಿದರೆ ಕ್ಯಾಲಿಪರ್ ಚಕ್ರದೊಳಗೆ ಸಿಕ್ಕಿಕೊಳ್ಳುತ್ತದೆ. ಆಮೇಲಿನದು ಹೇಳಬೇಕಿಲ್ಲ. ಇದೇ ಪಲ್ಸರ್ 150ಕ್ಕೆ ಕಂಪನಿಯೇ 2018ರಲ್ಲಿ ಹಿಂದೆಯೂ ಡಿಸ್ಕ್ ಇರುವ ಮಾದರಿ ತಂದಾಗ ಮುಂದಿನ ಡಿಸ್ಕನ್ನು 260 ಎಂಎಂ ಮಾಡಿತು, ಜೊತೆಗೆ ಮುಂದಿನ ಚಕ್ರ ಹಿಡಿಯುವ ಫೋರ್ಕನ್ನೂ ದಪ್ಪ ಮಾಡಿತು. ಹಿಡಿತ ಜಾಸ್ತಿಯಾದರೆ ಫೋರ್ಕ್ ತಡೆದುಕೊಳ್ಳಬೇಕಲ್ಲ.

ಇಷ್ಟಾದ ಮೇಲೂ ಗಾಡಿಯನ್ನು ನಿಲ್ಲಿಸುವುದು ಟೈರು. ನಿಮ್ಮ 240 ಎಂಎಂ ಡಿಸ್ಕ್ ಆರೋಗ್ಯವಾಗಿದ್ದರೆ ಒಣ ಡಾಂಬರಿನ ಮೇಲೆ ಮುಂದಿನ ಚಕ್ರವನ್ನು ಕಿರುಗುಟ್ಟಿಸುವಷ್ಟು ಶಕ್ತಿ ಅದಕ್ಕೆ ಈಗಲೂ ಇದೆ. ಟೈರ್ ಜಾರಲು ಶುರುವಾದ ಮೇಲೆ ಡಿಸ್ಕ್ ಎಷ್ಟು ದೊಡ್ಡದಿದ್ದರೆ ಏನು? ಎಬಿಎಸ್ ಬೇರೆ ಇಲ್ಲ, ಜಾರಿದರೆ ಬೀಳುವುದೇ. ಟೈರಿನ ಮಗ್ಗುಲಲ್ಲಿ ಒಂದು ಪುಟ್ಟ ಚೌಕಟ್ಟಿನಲ್ಲಿ ನಾಲ್ಕು ಅಂಕಿ ಇರುತ್ತವೆ. 1219 ಅಂತ ಇದ್ದರೆ 2019ರ 12ನೇ ವಾರದಲ್ಲಿ ಮಾಡಿದ್ದು. ಹಲ್ಲು ಸವೆಯದಿದ್ದರೂ ಹಳೆಯ ರಬ್ಬರ್ ಒಣಗಿ ಗಟ್ಟಿಯಾಗಿರುತ್ತದೆ. ಡಿಸ್ಕ್‌ಗೆ ಇಟ್ಟ ದುಡ್ಡಿನಲ್ಲಿ ಮುಂದಿನ ಟೈರ್ ಒಂದು ಹೊಸದು ಬಂದರೆ ನನಗೆ ಸಮಾಧಾನ.

ಇನ್ನು ಕೆಲಸಕ್ಕೆ ಬರೋಣ. ಭಾನುವಾರ ಬೆಳಿಗ್ಗೆ ಶುರು ಮಾಡಿ, ಸಂಜೆಯವರೆಗೂ ಎಲ್ಲಿಗೂ ಹೋಗಬೇಕಾಗಿಲ್ಲ ಅನ್ನುವ ದಿನ ನೋಡಿಕೊಳ್ಳಿ. ಸೀಲ್ ಒಡೆಯದ ಡಾಟ್ 4 ಬಾಟಲಿ ಬೇಕು. ಹೋದ ವರ್ಷ ಅರ್ಧ ಬಳಸಿ ಇಟ್ಟಿದ್ದು ಬೇಡ, ಅದು ಕಪಾಟಿನಲ್ಲೇ ನೀರು ಕುಡಿದಿರುತ್ತದೆ. ಡಾಟ್ 5 ಅಂತ ಬರೆದದ್ದನ್ನು ತರಬೇಡಿ. ಅದು ಸಿಲಿಕೋನ್, ಇದರ ಜೊತೆ ಸೇರುವುದಿಲ್ಲ. ಡಾಟ್ 5.1 ಮಾತ್ರ ಗ್ಲೈಕಾಲ್ ಜಾತಿಯದ್ದೇ, ನಡೆಯುತ್ತದೆ. ಜೊತೆಗೆ ಹೊಸ ತಾಮ್ರದ ವಾಷರ್ ನಾಲ್ಕು, ಪಾರದರ್ಶಕ ಪೈಪ್ ಒಂದು ಮೊಳ, ರಿಂಗ್ ಪಾನಾ. ಗಾಳಿ ತೆಗೆಯಲು ಕ್ಯಾಲಿಪರ್ ಮೇಲಿರುವ ಬ್ಲೀಡ್ ನಿಪ್ಪಲ್‌ಗೆ ಹೆಚ್ಚಾಗಿ 8 ಎಂಎಂ ಪಾನಾ ಕೂರುತ್ತದೆ. ಓಪನ್ ಪಾನಾ ಹಾಕಿದರೆ ಮೂಲೆ ಉರುಟಾಗುತ್ತದೆ.

ಮೊದಲ ಪರೀಕ್ಷೆ ಆಯಿಲ್ ಡಬ್ಬಿಯ ಮುಚ್ಚಳದ ಎರಡು ಸ್ಕ್ರೂ. ಅಲ್ಯೂಮಿನಿಯಂ ಡಬ್ಬಿಯಲ್ಲಿ ಉಕ್ಕಿನ ಸ್ಕ್ರೂ ಹನ್ನೊಂದು ವರ್ಷ ಕೂತು ಬೆಸೆದುಕೊಂಡಿರುತ್ತದೆ. ಸರಿಯಾಗಿ ಕೂರುವ ಸ್ಕ್ರೂಡ್ರೈವರ್ ಇಟ್ಟು, ಅದರ ಹಿಂಬದಿಗೆ ಸುತ್ತಿಗೆಯಿಂದ ಎರಡು ಮೂರು ಸಲ ಹಗುರವಾಗಿ ತಟ್ಟಿ. ಆಮೇಲೆ ಒತ್ತಿ ಹಿಡಿದು ತಿರುಗಿಸಿ. ಟಕ್ ಅಂತ ಬಿಡುತ್ತದೆ. ತಟ್ಟದೆ ತಿರುಗಿಸಿದರೆ ತಲೆ ಉರುಟಾಗಿ, ಡ್ರಿಲ್ ಹಿಡಿದು ಕೂರಬೇಕಾದೀತು. ಟ್ಯಾಂಕ್ ಮೇಲೆ ಒದ್ದೆ ಬಟ್ಟೆ ಹಾಸಿ. ಬ್ರೇಕ್ ಆಯಿಲ್ ಬಿದ್ದರೆ ಬಣ್ಣ ಏಳುತ್ತದೆ, ಬಿದ್ದ ಕೂಡಲೇ ನೀರು ಸುರಿಯಿರಿ.

ಹಳೆಯ ಹೋಸ್ ತೆಗೆದು, ಹೊಸದು ಹಾಕಿ, ಪ್ರತಿ ತುದಿಯಲ್ಲಿ ಬ್ಯಾಂಜೊ ಬೋಲ್ಟ್ (ಹೋಸ್ ತುದಿಯನ್ನು ಬಿಗಿಯುವ ಬೋಲ್ಟ್) ತೂರುವ ಹೋಸ್ ಬಳೆಯ ಎರಡೂ ಮಗ್ಗುಲಿಗೆ ಒಂದೊಂದು ಹೊಸ ವಾಷರ್ ಇಡಿ. ಹಳೆಯ ವಾಷರ್ ಒಮ್ಮೆ ಚಪ್ಪಟೆಯಾದದ್ದು, ಮತ್ತೆ ಹಿಡಿಯುವ ಭರವಸೆ ಇಲ್ಲ. ಬಿಗಿಯುವ ಅಳತೆ ನಿಮ್ಮ ಗಾಡಿಯ ಸರ್ವಿಸ್ ಪುಸ್ತಕದಲ್ಲಿ ಇದ್ದಷ್ಟೇ. ಟಾರ್ಕ್ ಪಾನಾ ಬಾಡಿಗೆಗಾದರೂ ತನ್ನಿ. ಈ ಬೋಲ್ಟಿನ ಒಳಗೆ ತೂತು ಇರುತ್ತದೆ. ಕೈ ಬಲ ತೋರಿಸಿದರೆ ತುಂಡಾಗುತ್ತದೆ.

ಗಾಳಿ ತೆಗೆಯುವ ಕೆಲಸಕ್ಕೆ ಇನ್ನೊಬ್ಬರು ಇದ್ದರೆ ಸುಲಭ. ನಿಪ್ಪಲ್‌ಗೆ ಪೈಪ್ ಸಿಗಿಸಿ, ಇನ್ನೊಂದು ತುದಿಯನ್ನು ಸ್ವಲ್ಪ ಆಯಿಲ್ ಇರುವ ಬಾಟಲಿಯಲ್ಲಿ ಮುಳುಗಿಸಿ. ಅವರು ಲಿವರ್ ಎಳೆದು ಹಿಡಿಯಲಿ. ನೀವು ನಿಪ್ಪಲ್ ಕಾಲು ಸುತ್ತು ಬಿಚ್ಚಿ, ಆಯಿಲ್ ಹರಿದ ಮೇಲೆ ಮುಚ್ಚಿ. ಮುಚ್ಚಿದೆ ಅಂತ ಹೇಳಿದ ನಂತರವೇ ಅವರು ಲಿವರ್ ಬಿಡಬೇಕು. ಮೊದಲು ಕಷಾಯ, ಆಮೇಲೆ ಗುಳ್ಳೆಯ ಸಾಲು, ಕೊನೆಗೆ ತಿಳಿ ಜೇನು ಬರುತ್ತದೆ. ಮೇಲಿನ ಡಬ್ಬಿ ಒಮ್ಮೆಯೂ ಖಾಲಿಯಾಗಬಾರದು, ಖಾಲಿಯಾದರೆ ಮತ್ತೆ ಮೊದಲಿನಿಂದ ಶುರು. ಖಾಲಿ ಹೋಸ್‌ಗೆ ಮೇಲಿನಿಂದ ಆಯಿಲ್ ಇಳಿಯಲು ತಕರಾರು ಮಾಡಿದರೆ, ಸಿರಿಂಜ್‌ನಲ್ಲಿ ಕೆಳಗಿನ ನಿಪ್ಪಲ್‌ನಿಂದ ಮೇಲಕ್ಕೆ ತಳ್ಳಿ. ಗಾಳಿ ಹೇಗೂ ಮೇಲೇರುವ ಜಾತಿ. ಕೊನೆಗೆ ಡಬ್ಬಿ ಮುಚ್ಚಿ, ಲಿವರನ್ನು ಹಿಡಿಕೆಗೆ ದಾರದಿಂದ ಕಟ್ಟಿ ರಾತ್ರಿಯಿಡೀ ಬಿಟ್ಟರೆ ಉಳಿದ ಸಣ್ಣ ಗುಳ್ಳೆಗಳೂ ಎಷ್ಟೋ ಹೋಗುತ್ತವೆ. ಎಬಿಎಸ್ ಇರುವ ಗಾಡಿಯವರು ಇದನ್ನು ಓದುತ್ತಿದ್ದರೆ, ನಿಮ್ಮ ಕೆಲಸ ಪ್ಯಾಡ್ ಬದಲಿಸುವಲ್ಲಿಗೆ ನಿಲ್ಲಿಸಿ. ಎಬಿಎಸ್ ಪೆಟ್ಟಿಗೆಯೊಳಗೆ ಗಾಳಿ ಸೇರಿದರೆ ಅದನ್ನು ತೆಗೆಯಲು ಎಷ್ಟೋ ಗಾಡಿಗಳಲ್ಲಿ ಸ್ಕ್ಯಾನರ್ ಯಂತ್ರ ಬೇಕಾಗುತ್ತದೆ.

ಈಗ ನನ್ನದೇ ಒಂದು ಪೆದ್ದತನ. ಹೊಸದಾಗಿ ಕೆಲಸ ಕಲಿತ ದಿನಗಳು. ಮನೆಯಲ್ಲಿ ಪ್ಯಾಡ್ ಬದಲಿಸಿದೆ. ಹೊಸ ಪ್ಯಾಡ್ ದಪ್ಪ ಇರುತ್ತದೆ ಅಂತ ಪಿಸ್ಟನ್ ಪೂರ್ತಿ ಹಿಂದಕ್ಕೆ ತಳ್ಳಿದ್ದೆ. ಎಲ್ಲ ಬಿಗಿದು, ಕೈ ತೊಳೆದು, ಗಾಡಿ ಹತ್ತಿ ಅಂಗಳದಿಂದ ಹೊರಟೆ. ಗೇಟಿನ ಹತ್ತಿರ ಲಿವರ್ ಹಿಡಿದರೆ ಅದು ಯಾವ ತಡೆಯೂ ಇಲ್ಲದೆ ಹಿಡಿಕೆಗೆ ಬಂದು ತಾಗಿತು. ಪಿಸ್ಟನ್ ಇನ್ನೂ ಪ್ಯಾಡ್‌ವರೆಗೆ ಬಂದೇ ಇರಲಿಲ್ಲ. ಗೇಟು ಬಾಗಿತು, ಇಂಡಿಕೇಟರ್ ಒಡೆಯಿತು. ವೇಗ ಇರಲಿಲ್ಲ, ಮೊಣಕಾಲು ತರಚಿದ್ದಷ್ಟೇ. ಆ ಗೇಟನ್ನು ಬಹಳ ದಿನ ಹಾಗೇ ಬಿಟ್ಟಿದ್ದೆ. ಪ್ಯಾಡ್ ಮುಟ್ಟಿದ ಮೇಲೆ ಗಾಡಿ ನಿಂತಲ್ಲೇ ಲಿವರ್ ಗಟ್ಟಿಯಾಗುವವರೆಗೆ ಹತ್ತು ಹದಿನೈದು ಸಲ ಒತ್ತಿ. ಆಮೇಲೆ ಗಾಡಿಯನ್ನು ತಳ್ಳಿಕೊಂಡು ನಡೆಯುತ್ತಲೇ ಬ್ರೇಕ್ ಹಿಡಿದು ನೋಡಿ. ಆಮೇಲೆ ಕಿಲ್ಲಿ ಹಾಕಿ.

ಹೊಸ ಪ್ಯಾಡ್ ಡಿಸ್ಕ್‌ಗೆ ಹೊಂದಿಕೊಳ್ಳಲು ಸಮಯ ಬೇಕು. ನವನಗರದಂಥ ಅಗಲ ರಸ್ತೆಯಲ್ಲಿ ಬೆಳಿಗ್ಗೆ ಆರಕ್ಕೆ ಹೋಗಿ. 50ರ ವೇಗದಿಂದ 10ಕ್ಕೆ ಮೆಲ್ಲಗೆ ಇಳಿಸಿ, ಸ್ವಲ್ಪ ದೂರ ಗಾಳಿಗೆ ಬಿಡಿ, ಮತ್ತೆ ಇಳಿಸಿ. ಇಪ್ಪತ್ತು ಸಲ ಸಾಕು. ಪೂರ್ತಿ ನಿಲ್ಲಿಸಿ ಲಿವರ್ ಹಿಡಿದುಕೊಂಡೇ ಇರಬೇಡಿ, ಬಿಸಿ ಪ್ಯಾಡ್ ಡಿಸ್ಕ್‌ಗೆ ಅಚ್ಚು ಒತ್ತುತ್ತದೆ. ಮನೆಗೆ ಬಂದು ಬ್ಯಾಂಜೊ ಬೋಲ್ಟಿನ ಸುತ್ತ ಬಿಳಿ ಟಿಶ್ಯೂ ಒತ್ತಿ, ಒದ್ದೆಯಾಗಿದೆಯೇ ನೋಡಿ. ಐವತ್ತು ಕಿಲೋಮೀಟರ್ ಆದ ಮೇಲೆ ಇನ್ನೊಮ್ಮೆ ನೋಡಿ, ಕ್ಯಾಲಿಪರ್ ಬೋಲ್ಟಿನ ಬಿಗಿಯನ್ನೂ ನೋಡಿ.

ಪಿನ್, ಪ್ಯಾಡ್, ಆಯಿಲ್, ಸ್ಟೀಲ್ ಹೋಸ್ ಇಷ್ಟು ಮಾಡಿ ಹದಿನೈದು ದಿನ ಓಡಿಸಿ. ಅಷ್ಟಾದರೂ ಲಿವರ್ ಮೆತ್ತಗೇ ಇದ್ದರೆ ಮಾಸ್ಟರ್ ಸಿಲಿಂಡರ್ ಒಳಗಿನ ರಬ್ಬರ್ ಸವೆದಿರಬಹುದು. ನಿಮ್ಮ ಗಾಡಿಯದ್ದೇ ಅಳತೆಯ ರಿಪೇರಿ ಕಿಟ್ ತಂದು ಹಾಕಿ, ದೊಡ್ಡದು ಬೇಡ. ಆನ್‌ಲೈನ್ ಸಾಮಾನು ವಾಪಸ್ ಮಾಡುವ ಅವಧಿ ಮುಗಿದಿದೆಯೇ ಅಂತ ಇವತ್ತೇ ನೋಡಿಕೊಳ್ಳಿ. ಪೆಟ್ಟಿಗೆ ಒಡೆದಿದ್ದರೂ ಡಿಸ್ಕ್‌ಗೆ ಬೋಲ್ಟ್ ಹಾಕಿಲ್ಲದಿದ್ದರೆ ಕೇಳಿ ನೋಡಬಹುದು.